ಜಟ್ಟಪ್ಪ ನೆಲಕ್ಕೆ ಕೂತದ್ದು

ಶಾಲೆಗಳಲ್ಲಿ ಯೋಗ ಕಲಿಸಲು ಹೊಸದಾಗಿ ಸೇರಿದವರು ಆಗಾಗ ನನ್ನ ಮನೆಗೆ ಬರುತ್ತಾರೆ. ಕೊರಳಲ್ಲಿ ಸೀಟಿ, ಕೈಯಲ್ಲಿ ಗಡಿಯಾರ. ಪದ್ಮಾಸನ ಎಷ್ಟು ದಿನಕ್ಕೆ ಬರುತ್ತದೆ, ಎಷ್ಟು ವಯಸ್ಸಿನವರೆಗೆ ಕಲಿಸಬಹುದು, ಪ್ರದರ್ಶನಕ್ಕೆ ಯಾವ ಆಸನ ಒಳ್ಳೆಯದು ಎಂದು ಕೇಳುತ್ತಾರೆ. ಮೊದಲಿನ ಎರಡಕ್ಕೆ ನಾನು ಉತ್ತರ ಕೊಡುತ್ತೇನೆ. ಮೂರನೆಯದು ಬಂದರೆ ಚಾ ಆಯಿತೋ ನೋಡಿ ಬರುತ್ತೇನೆ ಎಂದು ಒಳಗೆ ಎದ್ದು ಹೋಗುತ್ತೇನೆ. ಮುದುಕನಿಗೆ ಮಾತು ಮರೆತುಹೋಗುತ್ತದೆ ಎಂದು ಅವರು ತಿಳಿದಿರಬೇಕು. ಮರೆತಿದ್ದರೆ ಒಳ್ಳೆಯದಿತ್ತು.

ಮೂವತ್ತು ವರ್ಷಕ್ಕೂ ಮೇಲೆ ಡ್ರಿಲ್ ಮಾಸ್ತರಿಕೆ ಮಾಡಿದೆ. ಬಡ್ತಿ, ವರ್ಗ, ಹಾರ ತುರಾಯಿ, ಇವನ್ನೆಲ್ಲ ಬರೆದು ನಿಮ್ಮ ಹೊತ್ತು ಕಳೆಯುವುದಿಲ್ಲ. ಆದರೆ ನಾನು ಕಾಯಂ ಆದ ದಿವಸವನ್ನು ಮಾತ್ರ ಬಿಡುವ ಹಾಗಿಲ್ಲ. ಅದನ್ನು ಹೇಳುವುದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ಮೊದಲು ಕುಮಟೆ. ನಮ್ಮ ಜಿಲ್ಲೆ ಆಗ ಮುಂಬೈ ಇಲಾಖೆಗೆ ಸೇರಿತ್ತು, ಯುದ್ಧ ನಡೆದಿತ್ತು. ನನಗೆ ಇಪ್ಪತ್ತಮೂರು ವರ್ಷ. ಪುಣೆಯ ಕಡೆ ಒಂದು ಬೇಸಿಗೆ ಶಿಬಿರದಲ್ಲಿ ಆರು ವಾರ ಆಸನ ಕಲಿತು ಬಂದು, ಜಗತ್ತಿನಲ್ಲಿ ಇನ್ನು ನನಗೆ ತಿಳಿಯದ್ದು ಏನೂ ಉಳಿದಿಲ್ಲ ಎಂಬ ಠೇಂಕಾರದಲ್ಲಿದ್ದೆ. ಡ್ರಿಲ್ ಕಲಿಸುವಂತೆಯೇ ಆಸನ ಕಲಿಸುತ್ತಿದ್ದೆ. ಒಂದು ಸೀಟಿಗೆ ಎಲ್ಲರೂ ಬಗ್ಗಬೇಕು, ಎರಡನೆಯ ಸೀಟಿಗೆ ಎಲ್ಲರೂ ಏಳಬೇಕು. ಮಧ್ಯೆ ಯಾರಿಗೆ ಉಸಿರು ಕಟ್ಟಿತು, ಯಾರಿಗೆ ಸೊಂಟ ಹಿಡಿಯಿತು ಎಂದು ನೋಡುವ ಪದ್ಧತಿ ಇರಲಿಲ್ಲ. ಸಾಲು ನೇರ ಇದ್ದರೆ ಯೋಗ ಚೆನ್ನಾಗಿ ನಡೆದಿದೆ ಎಂದು ಲೆಕ್ಕ.

ಕತಗಾಲದಿಂದ ಬಂದು ಪೇಟೆಯಲ್ಲಿ ಅಡಿಕೆ ಮಂಡಿ ಇಟ್ಟಿದ್ದ ಹೆಗಡೆಯವರೊಬ್ಬರು ನನ್ನನ್ನು ಕರೆಸಿದರು. ಐವತ್ತರ ಮೇಲಿನ ವಯಸ್ಸು, ದಪ್ಪ ಶರೀರ, ಪದ್ಮಾಸನ ಕಲಿಯಲೇಬೇಕೆಂಬ ಹಟ.

"ಮಾಸ್ತರೇ, ನಂಗೆ ಪದ್ಮಾಸನ ಬರವು. ಎಂಟು ದಿನದಲ್ಲಿ ಬತ್ತಾ?" ಎಂದು ಕೇಳಿದರು.

ಬರುವುದಿಲ್ಲ ಎಂದು ಹೇಳುವ ಬುದ್ಧಿ ನನಗಿರಲಿಲ್ಲ. ಆರನೆಯ ದಿವಸ ಅವರ ಮೊಣಕಾಲನ್ನು ಎರಡೂ ಕೈಯಿಂದ ಒತ್ತಿದೆ. ಟಕ್ಕೆಂದು ಸದ್ದಾಯಿತು. ಪಾಪ, ಒಂದು ತಿಂಗಳು ಕೋಲು ಹಿಡಿದು ಓಡಾಡಿದರು. ನನಗೆ ಆಗ ನಾಚಿಕೆಯಾಗುವ ಬದಲು ಒಳಗೊಳಗೇ ನಗು ಬಂದಿತ್ತು. ಎಳೆಯ ವಯಸ್ಸಿನ ಮೈಗೆ ಬೇರೆಯವರ ನೋವು ತಾಗುವುದು ಕಡಿಮೆ.

ಅದಕ್ಕಿಂತ ಕೆಟ್ಟ ತಪ್ಪು ಶಾಲೆಯಲ್ಲೇ ಆಯಿತು. ಆಸನವನ್ನು ಖಾಲಿ ಹೊಟ್ಟೆಯಲ್ಲಿ ಮಾಡಬೇಕು ಎಂದು ಶಿಬಿರದಲ್ಲಿ ಹೇಳಿಕೊಟ್ಟಿದ್ದರು. ನಾನೂ ಅದನ್ನೇ ದಿನಾ ಬೆಳಿಗ್ಗೆ ಅಬ್ಬರಿಸಿ ಹೇಳುತ್ತಿದ್ದೆ. ರೇಶನ್ನಿನ ಅಕ್ಕಿ ಹಬ್ಬಕ್ಕೂ ಸಾಲದ ವರ್ಷ ಅದು. ತರಗತಿಯಲ್ಲಿ ಅರ್ಧದಷ್ಟು ಮಂದಿ ಹಿಂದಿನ ದಿವಸ ಮಧ್ಯಾಹ್ನ ಕುಡಿದ ಗಂಜಿಯಲ್ಲೇ ಇದ್ದವರು. ಒಂದು ಬೆಳಿಗ್ಗೆ ಮುಂದೆ ಬಗ್ಗಿದವರಲ್ಲಿ ಮೂವರು ಹಾಗೇ ಮುಗ್ಗರಿಸಿ ಬಿದ್ದರು. ಹೆಡ್ಮಾಸ್ತರು ಬಂದು ನೋಡಿ, "ಇವ್ರ ಹೊಟ್ಟೆ ಖಾಲಿ ಇಡೂಕೆ ಸರಕಾರ ಅದೆ ಮಾರಾಯ್ರೆ, ನೀವು ಬೇರೆ ಎಂತಕ್ಕೆ ಹೇಳೂದು?" ಎಂದರು. ಅವತ್ತಿನಿಂದ ಯಾರಿಗೇ ಕಲಿಸುವ ಮೊದಲು ಏನು ಉಂಡಿದ್ದೀರಿ ಎಂದು ಕೇಳುವುದನ್ನು ಕಲಿತೆ. ನೀವೂ ಕೇಳಿ.

ಮುಂದಿನ ವರ್ಷ ಹೊನ್ನಾವರಕ್ಕೆ ಹಾಕಿದರು. ಅಲ್ಲಿ ಸಿಕ್ಕವನು ಜಟ್ಟಪ್ಪ.

ಜಟ್ಟಪ್ಪ ಆ ಶಾಲೆಯ ಪಟ್ಟೇವಾಲ. ಗಂಟೆ ಹೊಡೆಯುವುದು, ನೀರು ತುಂಬುವುದು, ಟಪಾಲು ಒಯ್ಯುವುದು ಅವನ ಕೆಲಸ. ಊರು ಮಂಕಿ. ವಾರವೆಲ್ಲ ಶಾಲೆಯ ಹಿಂದಿನ ಕೋಣೆಯಲ್ಲಿದ್ದು, ಶನಿವಾರ ತಾರಿಯ ದೋಣಿಯಲ್ಲಿ ಹೊಳೆ ದಾಟಿ ಮನೆಗೆ ಹೋಗುತ್ತಿದ್ದ. ಐವತ್ತಾರು ವರ್ಷ, ಬಡಕಲು ಮೈ, ಎರಡೂ ಮೊಣಕಾಲು ಮರದ ಕೊರಡು. ಹಿಂದೊಮ್ಮೆ ನೀರಿನ ಕೊಡ ಹೊತ್ತು ಬಾವಿಯ ಚಿರೆಕಲ್ಲಿನ ಮೆಟ್ಟಿಲ ಮೇಲಿಂದ ಬಿದ್ದಿದ್ದನಂತೆ. ಅಂದಿನಿಂದ ನೆಲಕ್ಕೆ ಕೂರಲು ಬರುತ್ತಿರಲಿಲ್ಲ. ಊಟವನ್ನು ಮೆಟ್ಟಿಲ ಮೇಲೆ ಕಾಲು ಚಾಚಿ ಕೂತೋ, ಗೋಡೆಗೆ ಒರಗಿ ನಿಂತೋ ಮಾಡುತ್ತಿದ್ದ.

ಬೆಳಿಗ್ಗೆ ನಾನು ಜಗಲಿಯಲ್ಲಿ ಒಬ್ಬನೇ ಅಭ್ಯಾಸ ಮಾಡುವಾಗ ಅವನು ಕಸಬರಿಗೆ ಹಿಡಿದು ನಿಂತು ನೋಡುತ್ತಿದ್ದ. ಎರಡು ತಿಂಗಳು ಬರೀ ನೋಡಿದ. ಮತ್ತೆ ಒಂದು ದಿವಸ ಬಾಯಿ ಬಿಟ್ಟ.

"ಮಾಸ್ತ್ರೆ, ನಂಗೆ ಇದೆಲ್ಲ ಬ್ಯಾಡ. ಚಕ್ಕಳಮಕ್ಕಳ ಹಾಕಿ ಕೂತ್ಕಳೂಕೆ ಬಂದ್ರೆ ಸಾಕು. ಈ ಪ್ರಾಯದಲ್ಲಿ ಆಗೂದಾ?"

"ಎಂತಕ್ಕೆ ಜಟ್ಟಪ್ಪ? ಮೆಟ್ಟಿಲ ಮೇಲೆ ಕೂತರೆ ಸಾಲದಾ?"

ಅವನು ಕಸಬರಿಗೆಯನ್ನು ಗೋಡೆಗೆ ಆನಿಸಿ ಇಟ್ಟ. ಹೇಳಿದ್ದು ಇಷ್ಟು. ಅವರ ಮನೆತನದಲ್ಲಿ ಮಗಳಿಗೆ ಧಾರೆ ಎರೆಯುವ ತಂದೆ ತಾಯಿ ಮಣೆಯ ಮೇಲೆ ಕಾಲು ಮಡಚಿ ಕೂರಬೇಕು. ಮಂತ್ರ ಮುಗಿಯುವ ತನಕ ಏಳಬಾರದು, ಕಾಲು ಬಿಡಿಸಬಾರದು. ದೊಡ್ಡ ಮಗಳ ಮದುವೆಯಲ್ಲಿ ಇವನಿಗೆ ಕೂರಲಾಗದೆ ತಮ್ಮನೂ ತಮ್ಮನ ಹೆಂಡತಿಯೂ ಧಾರೆ ಎರೆದರು. ಹೆತ್ತವನು ಚಪ್ಪರದ ಕಂಬ ಹಿಡಿದು ನಿಂತು ನೋಡಿದ.

"ತಮ್ಮ ಒಳ್ಳೆವ್ನೇ, ಅವ್ನ ಮೇಲೆ ಸಿಟ್ಟಿಲ್ಲ. ಆದ್ರೆ ನನ್ನ ಹುಡ್ಗಿ ನಂಗೆ ಬೆನ್ನು ಹಾಕಿ ಹೋದಂಗೆ ಆತು ಮಾಸ್ತ್ರೆ. ಇನ್ನೊಬ್ಳು ಇದ್ದಾಳೆ, ದುರ್ಗಿ. ಅವ್ಳ ಧಾರೆಗಾದ್ರೂ ನಾ ಕೂತ್ಕಳ್ಬೇಕು."

ದುರ್ಗಿಗೆ ಆಗ ಹದಿಮೂರೋ ಹದಿನಾಲ್ಕೋ. ಎರಡು ಮೂರು ವರ್ಷ ಸಮಯವಿತ್ತು. ಕುಮಟೆಯ ಹೆಗಡೆಯವರ ಮೊಣಕಾಲಿನ ಸದ್ದು ಇನ್ನೂ ಕಿವಿಯಲ್ಲಿದ್ದುದರಿಂದ ಈ ಸಲ ಒತ್ತುವ ಗೋಜಿಗೆ ಹೋಗಲಿಲ್ಲ. ಕೋಣೆಯಲ್ಲಿ ಬಿದ್ದಿದ್ದ ಹಳೆಯ ಗೋಣಿಚೀಲಗಳನ್ನು ಮಡಚಿ ಒಂದರ ಮೇಲೊಂದು ಇಟ್ಟೆ. ಏಳು ಚೀಲ ಇಟ್ಟಾಗ ಅವನಿಗೆ ಅದರ ಮೇಲೆ ಕೂತು ಕಾಲನ್ನು ಹೇಗೋ ಅಡ್ಡ ಮಾಡಿಕೊಳ್ಳಲು ಬಂತು. ದಿನಾ ಬೆಳಿಗ್ಗೆ ಅಷ್ಟೇ. ಕೂರುವುದು, ಹತ್ತು ಸಲ ನಿಧಾನ ಉಸಿರು ಬಿಡುವುದು, ಏಳುವುದು. ಮೊಣಕಾಲು ತಾನಾಗಿ ಒಂದು ಬೆರಳು ಕೆಳಗೆ ಇಳಿದ ಮೇಲೆ ಒಂದು ಚೀಲ ತೆಗೆಯುವುದು.

ಮೊದಲ ಚೀಲ ತೆಗೆಯಲು ಎರಡೂವರೆ ತಿಂಗಳು ಹಿಡಿಯಿತು. ನನಗೆ ಬೇಸರ ಬರುತ್ತಿತ್ತು, ಅವನಿಗೆ ಇಲ್ಲ. ಮಳೆಗಾಲದ ಥಂಡಿಗೆ ಕಾಲು ಮತ್ತೆ ಬಿಗಿದು ತೆಗೆದ ಚೀಲವನ್ನು ವಾಪಸು ಇಡಬೇಕಾಯಿತು. ಆಗಲೂ ಅವನು ತಲೆಯ ಮೇಲೆ ಕೈ ಹೊತ್ತು ಕೂರಲಿಲ್ಲ. ಜ್ವರ ಬಂದ ದಿವಸವೂ ಬಂದು ಕೂತ. ಮನೆಗೆ ಹೋದ ಭಾನುವಾರವೂ ಬಿಡುತ್ತಿರಲಿಲ್ಲವಂತೆ. ನಾನು ಅವನ ಎದುರು ಕೂತು ಮೊಣಕಾಲಿಗೆ ಬಿಸಿ ಎಣ್ಣೆ ತಿಕ್ಕುತ್ತಿದ್ದೆ, ಅವನು ಸಂಕೋಚದಿಂದ ಮುದುಡುತ್ತಿದ್ದ. ಮಾಸ್ತರು ಪಟ್ಟೇವಾಲನ ಕಾಲು ಮುಟ್ಟುತ್ತಾರೆಂದು ಉಳಿದ ಮಾಸ್ತರುಗಳು ನನ್ನನ್ನು ಗೇಲಿ ಮಾಡಿದರು. ನಾನು ಕೇಳಿಸಿಕೊಳ್ಳಲಿಲ್ಲ. ನನ್ನ ನೌಕರಿಯಲ್ಲಿ ನಾನು ನಿಜವಾಗಿ ಗುರುವಾಗಿದ್ದರೆ ಅದು ಆ ಬೆಳಗುಗಳಲ್ಲಿ ಮಾತ್ರ.

ಎರಡನೆಯ ವರ್ಷದ ಚಳಿಗಾಲದಲ್ಲಿ ಕೊನೆಯ ಚೀಲ ತೆಗೆದೆ. ಜಟ್ಟಪ್ಪ ಜಗಲಿಯ ಬರೀ ನೆಲದ ಮೇಲೆ ಕಾಲು ಮಡಚಿ ಕೂತ.  ಅಂಗೈಯಿಂದ ನೆಲವನ್ನು ಸವರಿ, "ಥಂಡಿ ಅದೆ" ಎಂದು ನಕ್ಕ.

ಇಲ್ಲಿಗೆ ಬಿಟ್ಟಿದ್ದರೆ ನಾನು ಇವತ್ತು ಇದನ್ನು ಹೆಮ್ಮೆಯಿಂದ ಬರೆಯಬಹುದಿತ್ತು. ಯಾವ ವಯಸ್ಸಿನಲ್ಲಿ ಬೇಕಾದರೂ ಶುರು ಮಾಡಬಹುದು, ದಿನಾ ಸ್ವಲ್ಪ ಸ್ವಲ್ಪ ಮಾಡಿದರೆ ಮೈ ಒಪ್ಪುತ್ತದೆ ಎಂಬುದಕ್ಕೆ ಅವನಿಗಿಂತ ಬೇರೆ ಸಾಕ್ಷಿ ಬೇಡ. ಆದರೆ ಆಗಲೇ ಇನ್‌ಸ್ಪೆಕ್ಟರ್ ಸಾಹೇಬರು ತಪಾಸಣೆಗೆ ಬರುವ ಸುದ್ದಿ ಬಂತು. ನಾನು ಮೂರು ವರ್ಷದಿಂದ ಹಂಗಾಮಿ. ಮನೆಯಲ್ಲಿ ತಾಯಿ, ಇಬ್ಬರು ತಂಗಿಯರು. ಸಾಹೇಬರು ಮನಸ್ಸು ಮಾಡಿದರೆ ಕಾಯಂ. ಹುಡುಗರ ಆಸನವನ್ನು ಎಲ್ಲ ಶಾಲೆಯವರೂ ತೋರಿಸುತ್ತಾರೆ, ಐವತ್ತೆಂಟರ ಮುದುಕನನ್ನು ಯಾರು ತೋರಿಸಿದ್ದಾರೆ?

"ಜಟ್ಟಪ್ಪ, ಸಾಹೇಬರ ಎದುರು ಬರೀ ಕೂತರೆ ಎಂತ ಚಂದ? ಸರ್ವಾಂಗಾಸನ ಕಲಿ" ಎಂದೆ. ಬೆನ್ನ ಮೇಲೆ ಮಲಗಿ ಕಾಲನ್ನೂ ಸೊಂಟವನ್ನೂ ನೇರ ಮೇಲೆತ್ತಿ ಭುಜದ ಮೇಲೆ ನಿಲ್ಲುವ ಆಸನ ಅದು. ಭಾರವೆಲ್ಲ ಭುಜಕ್ಕೂ ಕತ್ತಿಗೂ ಬರುತ್ತದೆ.

"ನಂಗೆ ಅದು ಎಂತಕ್ಕೆ ಮಾಸ್ತ್ರೆ? ಧಾರೆಗೆ ಕಾಲು ಮೇಲೆ ಮಾಡಿ ನಿಲ್ಲೂಕೆ ಇಲ್ಲಲ್ದಾ?" ಎಂದು ತಮಾಷೆ ಮಾಡಿದ. ನನ್ನ ಮುಖ ನೋಡಿ, "ಆತು, ನಿಮಗೆ ಬೇಕಾದ್ರೆ ಮಾಡ್ವ" ಎಂದ.

ಕೂರುವುದಕ್ಕೆ ಎರಡು ವರ್ಷ ಕೊಟ್ಟವನು ಇದಕ್ಕೆ ಕೊಟ್ಟದ್ದು ಐದು ವಾರ. ನನ್ನ ತಪ್ಪಿನ ಬೇರು ಅಲ್ಲಿದೆ.

ತಪಾಸಣೆಯ ದಿವಸ ಅಂಗಳದಲ್ಲಿ ಚಾಪೆ ಹಾಸಿ ಹನ್ನೆರಡು ಹುಡುಗರು, ಮುಂದೆ ಜಟ್ಟಪ್ಪ. ಸೀಟಿ ಊದಿದೆ. ಹದಿಮೂರು ಜೊತೆ ಕಾಲು ಒಟ್ಟಿಗೆ ಮೇಲೆದ್ದವು. ಎರಡನೆಯ ಸೀಟಿ ಆಗದೆ ಯಾರೂ ಇಳಿಯಬಾರದೆಂದು ನಾನು ತಾಕೀತು ಮಾಡಿದ್ದೆ. ಸಾಹೇಬರು ಕುರ್ಚಿಯಿಂದ ಎದ್ದು ಹತ್ತಿರ ಬಂದರು. ಧಾರವಾಡದ ಕಡೆಯವರು, ದನಿ ದೊಡ್ಡದು.

"ಈ ಅಜ್ಜಗ ನೀವ ಕಲಿಸೀರೇನು? ಭೇಷ್! ನಿಮ್ಮ ಸರ್ವಿಸ್ ಎಷ್ಟಾತು? ಇನ್ನೂ ಹಂಗಾಮಿ ಅದೀರೇನು?" ಎಂದರು.

ಮೇಲಿನವರು ಮಾತಾಡಿಸಿದಾಗ ಅವರಿಗೆ ಬೆನ್ನು ತೋರಿಸುವುದು ಆ ಕಾಲದಲ್ಲಿ ಮಹಾ ಉದ್ಧಟತನ. ಕೂಡಲೇ ಅವರ ಕಡೆ ತಿರುಗಿ ಕೈಕಟ್ಟಿ ನಿಂತೆ. ನನ್ನ ಬೆನ್ನು ಚಾಪೆಗಳ ಕಡೆಗಾಯಿತು. ಸಾಹೇಬರು ಪರೀಕ್ಷೆಗಳ ವಿಷಯ ಕೇಳಿದರು, ಶಿಬಿರದ ವಿಷಯ ಕೇಳಿದರು, ಮನೆಯ ವಿಷಯ ಕೇಳಿದರು. ಹೆಡ್ಮಾಸ್ತರು ನನ್ನ ಪರವಾಗಿ ನಾಲ್ಕು ಒಳ್ಳೆಯ ಮಾತು ಸೇರಿಸಿದರು. ಸೀಟಿ ನನ್ನ ಮುಷ್ಟಿಯಲ್ಲಿಯೇ ಇತ್ತು. ನನಗೆ ಆ ಹೊತ್ತಿನಲ್ಲಿ ಅದು ನೆನಪಾಗಲೇ ಇಲ್ಲ.

"ಆತು, ನಾ ಬರೀತೀನಿ. ಕಾಯಂ ಆಗಿಬಿಡ್ತದ" ಎಂದರು ಸಾಹೇಬರು. ನಾನು ಬಗ್ಗಿ ನಮಸ್ಕಾರ ಮಾಡುವಾಗ ಹಿಂದೆ ದೊಪ್ಪೆಂದು ಕೇಳಿಸಿತು.

ತಿರುಗಿ ನೋಡಿದೆ. ಹುಡುಗರು ಯಾವಾಗಲೋ ಒಬ್ಬೊಬ್ಬರೇ ಕಳ್ಳತನದಿಂದ ಇಳಿದು ಕೂತಿದ್ದರು. ಜಟ್ಟಪ್ಪ ಒಬ್ಬನೇ ಅಷ್ಟು ಹೊತ್ತೂ ಮೇಲೆ ನಿಂತಿದ್ದ. ಈಗ ಕತ್ತು ಮೈಯ ಅಡಿಗೆ ಸಿಕ್ಕಿ ಪಕ್ಕಕ್ಕೆ ಬಿದ್ದಿದ್ದ. ಬಲಗೈ ಅವನದ್ದಲ್ಲವೇನೋ ಎಂಬಂತೆ ಚಾಪೆಯ ಆಚೆ ಬಿದ್ದುಕೊಂಡಿತ್ತು. ಎತ್ತಲು ಹೋದರೆ, "ಕೈ ಗೊತ್ತಾಗೂದಿಲ್ಲ ಮಾಸ್ತ್ರೆ" ಎಂದು ಮಾತ್ರ ಹೇಳಿದ.

ಕತ್ತಿನ ನರ ಹಿಚುಕಿಹೋಗಿದೆ ಎಂದರು ಡಾಕ್ಟರು. ಸಾಹೇಬರು ಕಾರು ಹತ್ತಿ ಹೋದ ಮೇಲೆ ಹೆಡ್ಮಾಸ್ತರು ನನ್ನನ್ನು ಕೋಣೆಗೆ ಕರೆದು ಒಂದು ರಿಪೋರ್ಟು ಮುಂದಿಟ್ಟರು. ಪಟ್ಟೇವಾಲನು ತನ್ನ ಖುಷಿಯಿಂದ ಆಸನ ಮಾಡಲು ಬಂದು, ಮಾಸ್ತರರ ಸೂಚನೆ ಮೀರಿ ಬಹಳ ಹೊತ್ತು ನಿಂತು ಬಿದ್ದಿದ್ದಾನೆ ಎಂದು ಅದರಲ್ಲಿ ಬರೆದಿತ್ತು.

"ನಿಮ್ಮ ಆರ್ಡರು ಬರೂಕೆ ಅದೆ. ಸಹಿ ಹಾಕಿ, ಸುಮ್ನೆ ರಾಮಾಯಣ ಮಾಡ್ಬೇಡಿ" ಎಂದರು. ಅವರು ಕೆಟ್ಟವರಲ್ಲ. ಸಹಿ ಹಾಕಿದ ಕೈ ನನ್ನದು.

ಕೈಲಾಗದವನೆಂದು ಜಟ್ಟಪ್ಪನನ್ನು ಕೆಲಸದಿಂದ ತೆಗೆದರು. ನಾನು ಕಾಯಂ ಆಗಿ ಭಟ್ಕಳಕ್ಕೆ ಹೋದೆ. ಹೋಗುವ ಮೊದಲು ಮಂಕಿಗೆ ಹೋಗಿ ಅವನನ್ನು ಕಾಣಲಿಲ್ಲ. ಬಸ್ಸು ಮಂಕಿಯ ಮೇಲೆಯೇ ಹೋಗುತ್ತದೆ. ಆ ಊರು ದಾಟುವ ತನಕ ಇನ್ನೊಂದು ಬದಿಯ ಕಿಟಕಿ ನೋಡುತ್ತ ಕೂತಿದ್ದೆ.

ಭಟ್ಕಳದಲ್ಲಿ ನಾನು ಸೀಟಿ ಹಿಡಿಯುವುದನ್ನು ಬಿಟ್ಟೆ. ನಿಮ್ಮ ಉಸಿರು ಸಾಕು ಎಂದಾಗ ನೀವೇ ಇಳಿಯಿರಿ ಎಂದು ಕಲಿಸತೊಡಗಿದೆ. ಸಾಲು ಓರೆಕೋರೆಯಾಯಿತು, ಮೇಲಿನವರು ಬೈದರು, ಬೈಸಿಕೊಂಡೆ. ಆದರೆ ವಯಸ್ಸಾದವರಿಗೆ ಕಲಿಸುವ ಧೈರ್ಯ ಹೋಗಿಬಿಟ್ಟಿತ್ತು. ಜವಳಿ ಅಂಗಡಿಯ ಒಬ್ಬ ಮುದಿ ಸಾಹುಕಾರರು, ನಮಾಜಿಗೆ ಮೊಣಕಾಲು ಮಡಚಲಾಗದೆ ಸ್ಟೂಲಿನ ಮೇಲೆ ಕೂರಬೇಕಾಗಿದೆ, ಏನಾದರೂ ಹೇಳಿಕೊಡಿ ಎಂದು ಎರಡು ಸಲ ಬಂದರು. ನನಗೆ ಗೊತ್ತಿಲ್ಲ ಎಂದು ಎರಡು ಸಲವೂ ಕಳಿಸಿದೆ. ಗೊತ್ತಿತ್ತು. ಏಳು ಗೋಣಿಚೀಲ ಸಾಕಿತ್ತು. ಹೆದರಿಕೆಯಿಂದ ಮಾಡಿದ ಆ ಅನ್ಯಾಯವನ್ನೂ ಇಲ್ಲಿ ಸೇರಿಸಿಬಿಡುತ್ತೇನೆ.

ಯುದ್ಧ ಮುಗಿದ ಮರುವರ್ಷ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಜಟ್ಟಪ್ಪ ನನ್ನ ಬಿಡಾರದ ಬಾಗಿಲಲ್ಲಿ ನಿಂತಿದ್ದ. ಬಲಗೈಯನ್ನು ಪಂಚೆಯಲ್ಲಿ ಕೊರಳಿಗೆ ಕಟ್ಟಿಕೊಂಡಿದ್ದ. ಎಡಗೈಯಲ್ಲಿ ಎಲೆ ಅಡಿಕೆ.

"ದುರ್ಗಿ ಮದ್ವೆ ಮಾಸ್ತ್ರೆ. ಮಾವಳ್ಳಿ ಹುಡ್ಗ, ಗದ್ದೆ ಅದೆ. ನೀವು ಬರ್ಲೇಬೇಕು."

"ಕಾಲು?" ಎಂದು ಕೇಳಿದೆ.

"ನಾಕು ತಿಂಗಳು ಮಲಗಿದ್ದಲ್ಲೇ ಇದ್ನಲ್ಲ, ಮತ್ತೆ ಕೊರಡೇ ಆತು. ಏಳು ಚೀಲದಿಂದ ತಿರುಗಿ ಶುರು ಮಾಡ್ದೆ. ಹೆಂಡ್ತಿ ಎಣ್ಣೆ ತಿಕ್ಕುದು. ಈಗ ಒಂದು ಚೀಲಕ್ಕೆ ಬಂದದೆ. ಇನ್ನೂ ಹದಿನೆಂಟು ದಿವ್ಸ ಅದೆ ನೋಡಿ" ಎಂದ. ನೀರು ಕುಡಿದು ಹೋದ. ನಾನು ಹೇಳಬೇಕಾದ ಮಾತು ಹೇಳಲಿಲ್ಲ.

ಮದುವೆಯ ದಿವಸ ಚಪ್ಪರದ ಹಿಂದಿನ ಸಾಲಿನಲ್ಲಿ ಕೂತೆ. ಧಾರೆಯ ಹೊತ್ತಿಗೆ ತಮ್ಮನೂ ತಮ್ಮನ ಹೆಂಡತಿಯೂ ಮಡಿ ಉಟ್ಟು ತಯಾರಾಗಿ ನಿಂತಿದ್ದರು. ಏನಾಗುತ್ತದೋ ಎಂದು ಅವರಿಗೂ ಅನುಮಾನ. ಜಟ್ಟಪ್ಪ ಹೆಂಡತಿಯ ಭುಜ ಹಿಡಿದು ಮಣೆಯ ಮೇಲೆ ಇಳಿದ. ಎಡಗೈಯಿಂದ ಬಲಗಾಲನ್ನು ಎಳೆದು ಮಡಚಿದ, ಎಡಗಾಲನ್ನು ಮಡಚಿದ. ಹತ್ತು ಸಲ ಉಸಿರು ಬಿಟ್ಟದ್ದನ್ನು ನಾನು ದೂರದಿಂದ ಎಣಿಸಿದೆ. ಮೊಣಕಾಲು ಎರಡೂ ನಿಧಾನ ಕೆಳಗೆ ಬಂದವು. ಮಂತ್ರ ಮುಗಿಯುವ ತನಕ ಅಲ್ಲಾಡಲಿಲ್ಲ. ಧಾರೆಯ ಗಿಂಡಿ ಎತ್ತುವಾಗ ಬಲಗೈ ಏಳಲಿಲ್ಲ. ಹೆಂಡತಿ ಅವನ ಮಣಿಕಟ್ಟು ಹಿಡಿದು ಎತ್ತಿದಳು. ಅರ್ಧ ನೀರು ಮಗಳ ಕೈಗೆ, ಅರ್ಧ ಅವನ ಮಡಿಲಿಗೆ ಬಿತ್ತು. ದುರ್ಗಿ ಅಳುತ್ತಿದ್ದಳು, ಅವನು ಅಳಲಿಲ್ಲ.

ಊಟಕ್ಕೆ ನನ್ನನ್ನು ಪಕ್ಕದಲ್ಲಿಯೇ ಕೂರಿಸಿಕೊಂಡ. ಎಷ್ಟೋ ವರ್ಷದ ಮೇಲೆ ಅವನು ಪಂಕ್ತಿಯಲ್ಲಿ ಕೂತದ್ದು. ಆದರೆ ಉಣ್ಣಬೇಕಾದ ಕೈ ಕೊರಳಿನಲ್ಲಿ ನೇತಾಡುತ್ತಿತ್ತು. ಎಡಗೈಯನ್ನು ಎಲೆಗೆ ಹಾಕಲು ಬೀಗರ ಎದುರು ನಾಚಿಕೆಪಟ್ಟು ಸುಮ್ಮನೆ ಕೂತಿದ್ದ. ಇನ್ನು ತಡೆಯಲಾಗಲಿಲ್ಲ.

"ಜಟ್ಟಪ್ಪ, ಅವತ್ತು ನಾನು ಸೀಟಿ ಊದಲು ಮರೆತೆ. ರಿಪೋರ್ಟಿನಲ್ಲಿ ನೀನೇ ಸೂಚನೆ ಮೀರಿದೆ ಎಂದು ಬರೆದದ್ದಕ್ಕೆ ಸಹಿ ಹಾಕಿದೆ" ಎಂದೆ.

"ಗೊತ್ತದೆ ಮಾಸ್ತ್ರೆ."

"ಸೀಟಿ ಮರೆತದ್ದು ಗೊತ್ತಿದ್ದರೆ ಇಳಿಯಬೇಕಿತ್ತಲ್ಲ! ಹುಡುಗರೆಲ್ಲ ಇಳಿದರು. ಸೀಟಿಗೆ ಎಂತಕ್ಕೆ ಕಾದೆ?"

ಅವನು ನನ್ನ ಕಡೆ ತಿರುಗಿದ. ಕತ್ತು ತಿರುಗುತ್ತಿರಲಿಲ್ಲ, ಇಡೀ ಮೈ ತಿರುಗಿಸಿದ.

"ಸೀಟಿಗೆ ಕಾದದ್ದಲ್ಲ ಮಾಸ್ತ್ರೆ. ಸಾಹೇಬ್ರು ನಿಮ್ಮ ಕಾಯಂ ಮಾತು ತೆಗ್ದಿದ್ರು, ನಂಗೆ ಕೇಳ್ತಾ ಇತ್ತು. ಕೈ ಸೋತಿತ್ತು ಹೌದು. ಆದ್ರೆ ನಾ ಮಧ್ಯ ದೊಪ್ಪ ಬಿದ್ರೆ ಮಾತು ಅಲ್ಲಿಗೇ ನಿಂತು ಹೋಗ್ತಿತ್ತಲ್ದಾ? ಅವ್ರ ಬಾಯಲ್ಲಿ 'ಬರೀತೆ' ಅನ್ನೂ ಮಾತು ಬರ್ಲಿ, ಅಲ್ಲಿ ತಂಕ ತಡೀವ ಅಂದ್ಕಂಡೆ. ಬಂತಲ್ಲ."

ಬಡಿಸುವವರು ಅನ್ನದ ಮೇಲೆ ಸಾರು ಹಾಕಿ ಹೋದರು. ನಾನು ಅವನ ಎಲೆಯ ಅನ್ನವನ್ನು ಕಲಸಿ ಅವನ ಬಾಯಿಗೆ ಇಟ್ಟೆ. ಬೀಗರು ನೋಡಿದರು, ಪಂಕ್ತಿಯೆಲ್ಲ ನೋಡಿತು. ಅವನು ಬೇಡ ಎನ್ನಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ನಾನು ಒಳ್ಳೆಯವನಾಗಿ ಕಾಣುತ್ತೇನೆ. ಅದಕ್ಕೇ ಇನ್ನೊಂದು ಮಾತು ಬರೆಯುತ್ತೇನೆ. ಮರುದಿನ ಭಟ್ಕಳಕ್ಕೆ ಬಂದು ನಿಜ ಸಂಗತಿಯನ್ನೆಲ್ಲ ಬರೆದು ಸಾಹೇಬರ ಹೆಸರಿಗೆ ಒಂದು ಅರ್ಜಿ ತಯಾರು ಮಾಡಿದೆ. ಅದನ್ನು ಕಳಿಸಿದ್ದರೆ ಅವನಿಗೆ ಬರಬೇಕಾದ್ದು ಏನಾದರೂ ಬರುತ್ತಿತ್ತೇನೋ, ನನ್ನ ಕಾಯಂ ಹೋಗುತ್ತಿತ್ತೇನೋ. ತಂಗಿಯರ ಮದುವೆಯಾಗಲಿ ಎಂದು ಕಾದೆ. ಆಮೇಲೆ ನನ್ನ ಮದುವೆ, ಆಮೇಲೆ ಮಕ್ಕಳು. ದುರ್ಗಿಯ ಮದುವೆಯಾದ ಎಂಟನೆಯ ಮಳೆಗಾಲದಲ್ಲಿ ಜಟ್ಟಪ್ಪ ತೀರಿಕೊಂಡ. ಸಾಯುವ ಹಿಂದಿನ ವಾರದ ತನಕ ದಿನಾ ಬೆಳಿಗ್ಗೆ ನೆಲದ ಮೇಲೆ ಕೂತು ಹತ್ತು ಉಸಿರು ಬಿಡುತ್ತಿದ್ದನೆಂದು ಅವನ ಹೆಂಡತಿ ಹೇಳಿದಳು. ನಾನು ಆ ಅರ್ಜಿಯನ್ನು ಒಲೆಗೆ ಹಾಕಿದೆ. ಅವನು ಕತ್ತು ಕೊಟ್ಟು ಉಳಿಸಿದ ನೌಕರಿಯನ್ನು ನಿವೃತ್ತಿಯ ದಿನದವರೆಗೂ ಮಾಡಿದೆ.